ಮಲಗೇತೋ, ಮುಗದೇತೋ

— ಕಾಕಾ, ಅವ್ವ ಗುಡಿಯೊಳಗಿಂದ ಹೊರಗ ಬರೂದ್ರಾಗ ಒಂದು ಮಾತು ಕೇಳಬೇಕು ನಿಮಗ. ಬೀರಿನ ಮಾತು.

— ದುರ್ಗಾದೇವಿ ಬಾಗಲದಾಗ ಕುಂತು ಬೀರಿನ ಮಾತೇನವಾ? ಈ ಕೋಟಿ ಬಾಗಲಾ ಕಾಯಾಕಿ ಆಕಿ, ಎಲ್ಲಾ ಕೇಳಿಸಿಕೋತಾಳ. ಹೇಳು, ಸಾವಕಾಶ ಹೇಳು.

— ಮಿನೆಸೋಟಾದಾಗ ಮನಿ ನೆಲಮಾಳಗ್ಯಾಗ 19 ಲೀಟರ್ ಬೀರು ಇಟ್ಟು ಬಂದೇನಿ. ಮೊದಮೊದಲ ಜೋರ್ ನೊರಿ ಬಂತು, ಆಮ್ಯಾಲೆ ನಿಂತಬಿಡ್ತು. ನಿಮ್ಮ ಅಳಿಯಾ ದಿನಾ ಫೋಟೋ ಕಳಸಾಕತ್ತಾರ, ಏನ್ ಮಾಡ್ಲಿ, ಏನ್ ಮಾಡ್ಲಿ ಅಂತ. ನೀವು ಜಲ್ಮ ಎಲ್ಲಾ ಡಿಸ್ಟಿಲರ್ಯಾಗ ಕಾಕಂಬಿ ಹುದುಗಿಸಿದವರು. ಅದಕ್ಕ ಕೇಳಾಕತ್ತೇನಿ.

— ಮೊದಲ ಇದನ್ನ ಹೇಳು. ಅಲ್ಲಿ ಮನ್ಯಾಗ ಮಾಡಾಕ ಪರವಾನಗಿ ಬೇಕಿಲ್ಲೇನು?

— ಇಲ್ರಿ. 1978ರಾಗ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆ ಐತಿ. ಮನ್ಯಾಗ ಇಬ್ಬರು ದೊಡ್ಡವರಿದ್ರ ವರ್ಷಕ್ಕ 200 ಗ್ಯಾಲನ್ ತನಕಾ ಮಾಡಬಹುದು, ಮಾರಬಾರದು ಅಷ್ಟ. ಹಂಗಂತ ಎಲ್ಲಾ ರಾಜ್ಯ ಕೂಡಲೇ ಒಪ್ಪಲಿಲ್ಲ. ಅಲಬಾಮಾ, ಮಿಸಿಸಿಪ್ಪಿ ಒಪ್ಪಿಕೊಂಡದ್ದು 2013ರಾಗ.

— ಇಲ್ಲಿ 1965ರ ಅಬಕಾರಿ ಕಾಯ್ದೆ ಐತಿ. ಲೈಸೆನ್ಸ್ ಇಲ್ಲದ ಒಂದು ಗಡಿಗಿ ಹುದುಗಿಸಿ ಇಟ್ರೂ ಅಪರಾಧ. ನಮ್ಮ ಫ್ಯಾಕ್ಟರ್ಯಾಗ ಅಬಕಾರಿ ಇನ್ಸ್‌ಪೆಕ್ಟರ್ ಕಚೇರಿ ಕಂಪೌಂಡಿನ ಒಳಗ ಇತ್ತು. ಸ್ಪಿರಿಟ್ ಗೋಡೌನಿಗೆ ಎರಡು ಬೀಗ, ಒಂದು ನಮ್ಮದು, ಒಂದು ಅವರದು. ಅದಕ್ಕ ಹೇಳ್ತೇನಿ, ಇಲ್ಲಿ ಕಲತದ್ದು ಅಲ್ಲಿ ಮಾಡು, ಅಲ್ಲಿ ಕಲತದ್ದು ಇಲ್ಲಿ ಮಾಡಾಕ ಹೋಗಬ್ಯಾಡ. ಈಗ ಹೇಳು, ನಿಂತೈತಿ ಅಂತ ನಿನಗ ಯಾರು ಹೇಳಿದ್ರು?

— ಏರ್‌ಲಾಕಿನ್ಯಾಗ ಗುಳ್ಳಿ ಬರೂದು ನಿಂತೈತಂತ.

— ಗುಳ್ಳಿ ಸಾಕ್ಷಿ ಅಲ್ಲ. ಮುಚ್ಚಳ ಒಂದು ಕಡೆ ಸಡಲಾಗಿದ್ರ ಗ್ಯಾಸು ಅಲ್ಲಿಂದ ಹೋಗತೈತಿ, ಏರ್‌ಲಾಕ್ ಸುಮ್ಮನ ಇರತೈತಿ. ಹುದುಗೂದು ನಿಂತ ಮ್ಯಾಲೂ, ಬಿಸಿಲು ಬಿದ್ದು ಡಬ್ಬಿ ಬೆಚ್ಚಗಾದ್ರ, ಒಳಗ ಕರಗಿದ್ದ ಗ್ಯಾಸು ಹೊರಗ ಬಂದು ಗುಳ್ಳಿ ಆಡಿಸತೈತಿ. ಅಳತಿ ಎಷ್ಟು ಬಂದೈತಿ?

— ಮಾಡಿದ ದಿನ 15 ಬ್ರಿಕ್ಸ್ ಇತ್ತು. ಅಂದ್ರ ಗ್ರ್ಯಾವಿಟಿ 1.061. ಅದು 1.015ಕ್ಕ ಇಳೀಬೇಕು. ಈಗ 10.5 ಬ್ರಿಕ್ಸ್ ತೋರಸಾಕತ್ತೈತಿ, ಲೆಕ್ಕ ಹಾಕಿದ್ರ 1.042. ಅರ್ಧ ದಾರಿನೂ ಆಗಿಲ್ಲ!

— ಎದರಿಂದ ಅಳದಾನ? ಸ್ಪಿಂಡಲ್ಲೋ, ರಿಫ್ರ್ಯಾಕ್ಟೋಮೀಟರೋ?

— ರಿಫ್ರ್ಯಾಕ್ಟೋಮೀಟರ್ರಿ. ಎರಡು ಹನಿ ಸಾಕು, ಬೀರು ಹಾಳಾಗೂದಿಲ್ಲ ಅಂತ.

— ಅಲ್ಲೇ ಐತಿ ನೋಡು ಗಡಬಡಿ. ಕಬ್ಬಿನ ಹಾಲು ಅಳಿಯಾಕ ಅದು ಭಾಳ ಛಲೋ. ಹೊಲದಾಗ ನಿಂತು ಒಂದು ಹನಿ ಹಾಕಿ, ಬೆಳಕಿಗೆ ಹಿಡದು ನೋಡಿದ್ರ ಕಬ್ಬು ಕಟಾವಿಗೆ ಬಂದೈತೋ ಇಲ್ಲೋ ಗೊತ್ತಾಗತೈತಿ. ಆದ್ರ ಅದು ಬರೇ ನೀರು, ಸಕ್ಕರಿ ಇದ್ದಲ್ಲಿ ಖರೇ ಹೇಳೂ ಯಂತ್ರ. ಅಲ್ಕೋಹಾಲು ಬೆರತಲ್ಲಿ ಅದರ ಮಾತು ನಂಬಬಾರದು. ಅಲ್ಕೋಹಾಲು ಬೆಳಕನ್ನ ನೀರಿಗಿಂತಾ ಹೆಚ್ಚಿಗೆ ಬಗ್ಗಸತೈತಿ, ತೂಕದಾಗ ಮಾತ್ರ ನೀರಿಗಿಂತಾ ಹಗರ. ಯಂತ್ರಕ್ಕ ಅದೂ ಸಕ್ಕರಿನ ಅಂತ ಕಾಣತೈತಿ. ಇಲ್ಲೇ ಗಣೇಶಪುರ ರೋಡಿನ ನಿಜಲಿಂಗಪ್ಪ ಸಕ್ಕರಿ ಸಂಸ್ಥೆಯಾಗ ಕಲಿಯಾಕ ಬಂದ ಹುಡುಗೂರು ಸಿಕ್ರ ನಾ ಮೊದಲ ಇದನ್ನ ಕೇಳತಿದ್ದೆ. ಅರ್ಧ ಮಂದಿ ತಪ್ಪತಿದ್ರು. ಮನ್ಯಾಗ ಸ್ಪಿಂಡಲ್, ಅಂದ್ರ ಹೈಡ್ರೋಮೀಟರ್, ಐತಿಲ್ಲೋ?

— ಐತ್ರಿ. ಈಗ ಅಲ್ಲಿ ಮುಂಜಾನಿ ಆರೂವರಿ. ಎದ್ದಿರತಾರ, ಮೆಸೇಜ್ ಹಾಕತೇನಿ.

— ಹಾಕು, ಹಾಕೂ ಮುಂದ ನಾಕು ಮಾತು ಸೇರಿಸು. ನಳಾ, ಜಾರು ಎಲ್ಲಾ ಸ್ವಚ್ಛ ಮಾಡಿ ತಗಿ ಅನ್ನು. ಬೀರಿನ್ಯಾಗ ಗ್ಯಾಸು ಇರತೈತಿ, ಅದರ ಸಣ್ಣ ಸಣ್ಣ ಗುಳ್ಳಿ ಸ್ಪಿಂಡಲ್ಲಿಗೆ ಹತಗೊಂಡು ಅದನ್ನ ಮ್ಯಾಲ ಎತ್ತತಾವ. ಅದಕ್ಕ ಎರಡು ಪಾತ್ರ್ಯಾಗ ಹಿಂದ ಮುಂದ ಸುರುವಿ ಗ್ಯಾಸು ಬಿಡಿಸಿ, ಜಾರಿಗೆ ಹಾಕಿ, ಸ್ಪಿಂಡಲ್ ಬಿಟ್ಟು, ಬೆರಳಿನಿಂದ ಗರ್ರ ಅಂತ ತಿರಗಿಸಬೇಕು. ತಿರಗೂದು ನಿಂತ ಮ್ಯಾಲೆ ಕಣ್ಣು ನೀರಿನ ಮಟ್ಟಕ್ಕ ತಂದು ಓದಬೇಕು. ಅಂಚಿನಾಗ ಏರಿದ್ದಲ್ಲ, ನಡುವಿನ ತಗ್ಗು ಓದಬೇಕು. ಮತ್ತ ಅಳದದ್ದನ್ನ ತಿರಗಿ ಡಬ್ಬಿಗೆ ಹಾಕಬ್ಯಾಡ ಅನ್ನು. ಬೇಕಾರ ಕುಡೀಲಿ.

— ಬರದೆ. ಜಾರು ಹುಡಕಾಕ ಒಂದು ತಾಸು ಹಿಡಿಯತೈತಿ ಅವರಿಗೆ.

— ಅಲ್ಲೀತನಕಾ ಒಂದು ಕತಿ ಕೇಳು. 1856ರಾಗ ಫ್ರಾನ್ಸಿನ ಲೀಲ್ ಊರಾಗ ಬಿಗೋ ಅಂತ ಒಬ್ಬ ಡಿಸ್ಟಿಲರಿ ಮಾಲಕ ಇದ್ದ. ನಮಗ ಕಬ್ಬು ಹೆಂಗೋ ಅವರಿಗೆ ಬೀಟ್‌ರೂಟ್ ಹಂಗ. ಅದರ ರಸಾ ಹುದುಗಿಸಿ ಸ್ಪಿರಿಟ್ ತಗೀತಿದ್ದ. ಕೆಲವೊಂದು ಹೌದಿನ್ಯಾಗ ಹುದುಗೂದು ಕೆಟ್ಟು ಹುಳಿ ಆಗಾಕ ಹತ್ತಿತ್ತು. ಅವನ ಮಗಾ ಕಲಿಯೂ ಕಾಲೇಜಿನ್ಯಾಗ ಲೂಯಿ ಪಾಶ್ಚರ್ ಮಾಸ್ತರ. ಮಾಸ್ತರ ಬಂದು ಸೂಕ್ಷ್ಮದರ್ಶಕ ಇಟ್ಟು ನೋಡಿದ್ರ, ಛಲೋ ಹೌದಿನ್ಯಾಗ ದುಂಡನೆಯ ಯೀಸ್ಟು, ಕೆಟ್ಟ ಹೌದಿನ್ಯಾಗ ಅದಕ್ಕಿಂತಾ ಸಣ್ಣ ಕಡ್ಡಿಯಂತಾವು. ಹುದುಗೂದು ಜೀವ ಇದ್ದ ಸೂಕ್ಷ್ಮಜೀವಿಗಳ ಕೆಲಸ ಅಂತ ಅಂವ ಪಟ್ಟು ಹಿಡದದ್ದು ಅಲ್ಲಿಂದ. ಇಪ್ಪತ್ತು ವರ್ಷ ಬಿಟ್ಟು, 1876ರಾಗ, ಬೀರಿನ ಮ್ಯಾಲೆ ಒಂದು ದಪ್ಪ ಪುಸ್ತಕಾನೂ ಬರದ. ದೇವರ ಮನ್ಯಾಗ ಅವನ ಫೋಟೋ ಇಡೂನು ಅಂದಿದ್ದೆ, ನಿಮ್ಮ ಕಾಕು ಒಪ್ಪಲಿಲ್ಲ.

— ಬಂತು ಕಾಕಾ, ಉತ್ತರ ಬಂತು! 1.024 ಅಂತ.

— ನೋಡಿದೇನು? 1.042 ಅಲ್ಲ, 1.024. ನೀ ತಿಳಕೊಂಡಂಗ ಅರ್ಧ ದಾರ್ಯಾಗ ಅಲ್ಲ, ಮುಕ್ಕಾಲು ದಾರಿ ಮುಗಿಸಿ ನಿಂತೈತಿ. ಇದನ್ನ ನೋಡದ ನೀವು ಎರಡು ಪಾಕೀಟ ಯೀಸ್ಟು, ಒಂದಿಷ್ಟು ಸಕ್ಕರಿ ಸುರದು ಕುಂತಿರತಿದ್ರಿ.

— ಸಕ್ಕರಿ ಹಾಕೂನೇನು ಅಂತ ಕೇಳಿದ್ರು ಖರೇ.

— ಊಟ ಮುಂದಿದ್ರೂ ತಿನ್ನಾಕ ತಯಾರಿಲ್ಲ ಅದು, ಇನ್ನಷ್ಟು ಬಡಸತೀರೇನು? ಈಗ ವಿಚಾರ ಮಾಡಬೇಕಾದದ್ದು ಮೂರ ಮಾತು. ಅದು ಮುಗದೇತೋ, ಮಲಗೇತೋ, ಸತ್ತೇತೋ. ಮೂರಕ್ಕೂ ಹೊರಗಿಂದ ಒಂದ ಮುಖ ಇರತೈತಿ, ನೊರಿ ಇಲ್ಲ, ಸಪ್ಪಳ ಇಲ್ಲ. ಮಾಲ್ಟು ಎಷ್ಟು ಡಿಗ್ರ್ಯಾಗ ನೆನಸಿಟ್ಟಿದ್ರಿ?

— 66 ಡಿಗ್ರಿ. ಒಂದು ತಾಸು.

— ಥರ್ಮಾಮೀಟರ್ ಖರೇ ಹೇಳೂದಾದ್ರ ಅದು ಬರೋಬ್ಬರಿ ಐತಿ. 70 ದಾಟಿದ್ರ ಕತಿ ಬ್ಯಾರೆ ಇತ್ತು. ಮಾಲ್ಟಿನ್ಯಾಗ ಎರಡು ಕಿಣ್ವ ಇರತಾವ. ಬೀಟಾ ಅಮೈಲೇಸು ಪಿಷ್ಟಾನ್ನ ಯೀಸ್ಟು ತಿನ್ನೂವಂಥಾ ಸಕ್ಕರಿ ಮಾಡತೈತಿ, ಆದ್ರ ಬಿಸಿ ತಾಳೂದಿಲ್ಲ. ಆಲ್ಫಾ ತಾಳತೈತಿ, ಆದ್ರ ದೊಡ್ಡ ದೊಡ್ಡ ತುಂಡು ಬಿಡತೈತಿ. ಬಿಸಿ ಹೆಚ್ಚಾದ್ರ ಆ ತುಂಡು, ಡೆಕ್ಸ್‌ಟ್ರಿನ್, ಹಂಗ ಉಳೀತಾವ. ಯೀಸ್ಟಿಗೆ ಅವು ಹತ್ತೂದಿಲ್ಲ. ಆವಾಗ 1.024 ಅನ್ನೂದು ನಿಂತದ್ದಲ್ಲ, ಮುಗದದ್ದು. ಏನ್ ಎಬ್ಬಿಸಿದ್ರೂ ಏಳೂದಿಲ್ಲ.

— ಅದನ್ನ ಹೆಂಗ ತಿಳಕೊಳ್ಳೂದು?

— ಡಬ್ಬಿಗೆ ಕೈ ಹಚ್ಚೂಕಿಂತಾ ಮೊದಲ ಒಂದು ಲೋಟ ಬೀರು ತಗದು ಬ್ಯಾರೆ ಇಡು. ಅದಕ್ಕ ಧಾರಾಳ ಯೀಸ್ಟು, ಉಗರಬೆಚ್ಚಗಿನ ನೀರಿನ್ಯಾಗ ನೆನಸಿದ್ದು, ಹಾಕು. 25 ಡಿಗ್ರಿ ಬೆಚ್ಚಗ ಇಟ್ಟು ಆಗಾಗ ಅಲ್ಲಾಡಿಸು. ಎರಡು ಮೂರು ದಿನದಾಗ ಅದರ ಗ್ರ್ಯಾವಿಟಿ ಇಳದ್ರ ತಿನ್ನಾಕ ಸಕ್ಕರಿ ಐತಿ, ಯೀಸ್ಟಿಂದ ತಪ್ಪು ಅಂತ ಅರ್ಥ. ಇಳೀಲಿಲ್ಲ ಅಂದ್ರ ಬೀರು ಮುಗದೈತಿ, ಸುಮ್ಮನ ಕುಡೀರಿ. ಕೆಲವರು ಡೆಕ್ಸ್‌ಟ್ರಿನ್ ಒಡಿಯೂ ಕಿಣ್ವದ ಪುಡಿ ತಂದು ಹಾಕತಾರ. ನನಗ ಅದು ಸೇರೂದಿಲ್ಲ. ಅದಕ್ಕ ಎಲ್ಲಿ ನಿಲ್ಲಬೇಕನ್ನೂದು ಗೊತ್ತಿಲ್ಲ, ಒಡಕೋತ ಹೋಗತೈತಿ. ಬೀರು ನೀರ ನೀರ ಆಗತೈತಿ.

— ಮುಗದಿಲ್ಲ ಅಂತ ಇಟಗೊಳ್ಳೂನ್ರಿ. ಮತ್ಯಾಕ ನಿಂತಿತು?

— ನೆಲಮಾಳಗಿ ಎಷ್ಟು ತಣ್ಣಗೈತಿ?

— ಜನವರಿ ಅಲ್ರೀ, ಹೊರಗ ಸೊನ್ನೆ ಕೆಳಗ 20. ನೆಲಮಾಳಗ್ಯಾಗ 13 ಇರಬಹುದು. ನಾ ಇದ್ದಾಗ ಹೀಟರ್ ಹಚ್ಚಿದ್ದೆ. ನಾ ಇಲ್ಲಿಗೆ ಬಂದ ಮ್ಯಾಲೆ ಕರೆಂಟ್ ಬಿಲ್ ಅಂತ ಅವರು ಆರಿಸ್ಯಾರ.

— ಆತು ತಗೋ, ಕಳ್ಳ ಸಿಕ್ಕ. ಏಲ್ ಯೀಸ್ಟಿಗೆ 18ರಿಂದ 20 ಬೇಕು. ಹುದುಗೂಮುಂದ ಅದು ತನ್ನ ಬಿಸಿ ತಾನ ಹುಟ್ಟಿಸಿಕೋತೈತಿ, ಅದಕ್ಕ ಮೊದಲಿನ ದಿನ ಥಂಡಿ ಬಾಧಿಸಲಿಲ್ಲ. ಕೆಲಸ ಸಾವಕಾಶ ಆದಂಗ ಬಿಸೀನೂ ಇಳೀತು. ಸಕ್ಕರಿ ಕಡಿಮಿ, ಅಲ್ಕೋಹಾಲು ಹೆಚ್ಚು, ಅದರ ಮ್ಯಾಲ ಥಂಡಿ. ಒಂದಕ್ಕೊಂದು ಹತಗೊಂಡು ಮುದ್ದಿ ಆಗಿ ತಳಕ್ಕ ಕುಂತಾವ. 19 ಲೀಟರಿನ ಡಬ್ಬಿ ಬಿಸಿ ಹಿಡಿಯೂದಿಲ್ಲವಾ, ಮೈ ಎಲ್ಲಾ ಹೊರಗ ಅದಕ್ಕ. ನಮ್ಮಲ್ಲಿ ಇದರ ಉಲ್ಟಾ ಇತ್ತು. ಲಕ್ಷ ಲೀಟರಿನ ಫರ್ಮೆಂಟರ್, ಒಳಗ ಹುಟ್ಟಿದ ಬಿಸಿ ಹೊರಗ ಹೋಗಾಕ ದಾರಿನ ಇಲ್ಲ. ತಣ್ಣೀರು ಹಾಯಿಸಿ ಹಾಯಿಸಿ 32, 33ರಾಗ ಹಿಡೀಬೇಕು.

— ಹಿಡಿಯಾಕ ಆಗಲಿಲ್ಲಂದ್ರ?

— ಒಂದು ಬ್ಯಾಸಿಗ್ಯಾಗ ಆಗಲಿಲ್ಲ. ಹೊಳಿ ನೀರು ಇಳದಿತ್ತು, ಇದ್ದ ನೀರು ಬಿಸಿ. ಫರ್ಮೆಂಟರ್ 38 ದಾಟಿತು. ನಮ್ಮ ಕಾಕಂಬಿ ನೊರಿ ನೀ ನೋಡಿಲ್ಲ. ಕಂದು ಬಣ್ಣ, ದಪ್ಪ. ಉಕ್ಕಿ ಹರೀಬಾರದಂತ ಔಡಲೆಣ್ಣಿಯಿಂದ ಮಾಡಿದ ಟರ್ಕಿ ರೆಡ್ ಆಯಿಲ್ ಹಾಕತಿದ್ವಿ. ಆ ರಾತ್ರಿ ಎಣ್ಣಿ ಹಾಕದನ ನೊರಿ ಕುಂತಬಿಡ್ತು. ಪಾಳಿ ಹುಡುಗ ‘ಫರ್ಮೆಂಟೇಶನ್ ಮುಗದೈತಿ’ ಅಂತ ರಿಜಿಸ್ಟರಿನ್ಯಾಗ ಬರದು ಚಾ ಕುಡಿಯಾಕ ಹೋಗಿದ್ದ. ಮುಂಜಾನಿ ಸ್ಯಾಂಪಲ್ ತಗದು ಮೆಥಿಲೀನ್ ಬ್ಲೂ ಹಾಕಿ ನೋಡಿದ್ರ ಗಾಜಿನ ತುಂಬ ನೀಲಿ. ಜೀವ ಇದ್ದ ಯೀಸ್ಟು ಆ ಬಣ್ಣಾನ ಕಳೀತೈತಿ, ಬೆಳ್ಳಗ ಕಾಣತೈತಿ. ಸತ್ತದ್ದು ನೀಲಿ ಉಳೀತೈತಿ. ಸತ್ತದ್ದನ್ನ ಎಬ್ಬಿಸೂದು ಆಗೂದಿಲ್ಲ. ತಣ್ಣಗ ಮಾಡಿ, ಹೊಸಾ ಯೀಸ್ಟ್ ಬೆಳಸಿ ತಂದು ಹಾಕಬೇಕಾತು. ನಿನ್ನವು ಸತ್ತಿಲ್ಲ. 13 ಡಿಗ್ರಿಗೆ ಯೀಸ್ಟು ಸಾಯೂದಿಲ್ಲ, ಮಲಗತೈತಿ.

— ಅವ್ವ ಬಂದ್ಲು, ಕಾಕಾ. ಮಾತು ಬದಲಸ್ರಿ.

— ವೈನಿ, ಬರ್ರಿ, ಕುಂಡರ್ರಿ. ಹಿಟ್ಟು ಉಬ್ಬೂದ್ರ ಬಗ್ಗೆ ಮಾತಾಡಾಕತ್ತಿದ್ವಿ ನಾವು. ನಿಮ್ಮ ತವರಮನ್ಯಾಗ, ಜಾಂಬೋಟ್ಯಾಗ, ಆಷಾಢದ ಮಳ್ಯಾಗ ದ್ವಾಸಿ ಹಿಟ್ಟು ಹೆಂಗ ಉಬ್ಬಸತಿದ್ರಿ?

— ಅದೇನ್ ಕೇಳತೀ, ಖಾನಾಪುರ ದಾಟಿದ್ರ ಮಳಿ ಅಂದ್ರ ಮಳಿ. ಕಣಕುಂಬಿ ಕಡೆ ವಾರಗಟ್ಲೆ ಸೂರ್ಯಾನ ಕಾಣತಿದ್ದಿಲ್ಲ. ಒಲಿ ಪಕ್ಕದಾಗ, ಬೂದಿ ಬೆಚ್ಚಗಿರೂ ಕಡೆ ಗಡಿಗಿ ಇಟ್ಟು, ಕಂಬಳಿ ಹೊಚ್ಚತಿದ್ಲು ನಮ್ಮವ್ವ. ಆದ್ರೂ ಉಬ್ಬಲಿಲ್ಲಂದ್ರ ಮೊದಲಿನ ದಿನದ ಹಿಟ್ಟು ಒಂದು ಸೌಟು ಹಾಕೂದು. ಇಬ್ಬರೂ ಯಾಕ ನಗತೀರಿ? ನಾ ಹೂವಿನಾಕಿ ಹಂತ್ಯಾಕ ಹೋಗಿ ಬರತೇನಿ.

— ನೋಡು, ನಿಮ್ಮವ್ವ ಪೂರಾ ಉತ್ತರ ಹೇಳಿ ಹೋದ್ಲು. ಬೆಚ್ಚಗ ಮಾಡು, ಆಗಲಿಲ್ಲಂದ್ರ ಉಬ್ಬಾಕತ್ತಿದ್ದನ್ನ ತಂದು ಬೆರಸು. ಆ ಹಿಟ್ಟು ಉಬ್ಬಸೂದು ಯೀಸ್ಟ್ ಅಲ್ಲ ಅನ್ನೂದು ಬ್ಯಾರೆ ಮಾತು. ಇಡ್ಲಿ ಹಿಟ್ಟು ಉಬ್ಬಸೂದು ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಅನ್ನೂ ಬ್ಯಾಕ್ಟೀರಿಯಾ ಅಂತ 1965ರಾಗ ತೋರಿಸಿಕೊಟ್ಟಾರ. ಮಜಾ ಅಂದ್ರ, ಅದ ಬ್ಯಾಕ್ಟೀರಿಯಾ ಸಕ್ಕರಿ ಕಾರ್ಖಾನಿಗೆ ಶನಿ. ಕಡದ ಕಬ್ಬು ಎರಡು ಮೂರು ದಿನ ಗಾಡ್ಯಾಗ ನಿಂತ್ರ ಅದು ಒಳಗ ಹೊಕ್ಕು ಸಕ್ಕರಿ ತಿಂದು ಡೆಕ್ಸ್‌ಟ್ರಾನ್ ಅನ್ನೂ ಲೋಳಿ ಮಾಡತೈತಿ. ರಸಾ ಸೋಸೂದಿಲ್ಲ, ಹರಳು ಕಟ್ಟೂದಿಲ್ಲ. ನಾವು ಕಾರ್ಖಾನ್ಯಾಗ ಅದನ್ನ ಬೈಕೋತ, ಮನಿಗೆ ಬಂದು ಅದರ ಕೈಲೇ ಮಾಡಿಸಿದ ಇಡ್ಲಿ ತಿಂತಿದ್ವಿ.

— ಹಂಗಾರ ನಾನೂ ಡಬ್ಬಿಗೆ ಕಂಬಳಿ ಹೊಚ್ಚಾಕ ಹೇಳ್ಲೇನು?

— ಬರೇ ಕಂಬಳಿ ಸಾಲೂದಿಲ್ಲ. ಕಂಬಳಿ ಬಿಸಿ ಹುಟ್ಟಸೂದಿಲ್ಲ, ಇದ್ದದ್ದನ್ನ ಕಾಯತೈತಿ. ಮಲಗಿದ ಯೀಸ್ಟಿನ ಹಂತ್ಯಾಕ ಬಿಸಿ ಎಲ್ಲೈತಿ? ಮ್ಯಾಲಿನ ಮನಿಗೆ ತರಲಿ, ಇಲ್ಲಂದ್ರ ದೊಡ್ಡ ಟಬ್ಬಿನ ನೀರಿನ್ಯಾಗ ಡಬ್ಬಿ ಇಟ್ಟು, ಮೀನಿನ ತೊಟ್ಟಿಗೆ ಹಾಕತಾರಲ್ಲ, ಆ ಹೀಟರ್ ನೀರಿಗೆ ಹಾಕಲಿ. 20, 21ಕ್ಕ ತರಲಿ, ಒಂದ ದಿನದಾಗ ಅಲ್ಲ, ಸಾವಕಾಶ. ಆಮ್ಯಾಲೆ ಮುಚ್ಚಳ ತಗೀದ, ಡಬ್ಬಿ ಎರಡೂ ಕೈಲೆ ಹಿಡದು ದುಂಡಗ ತಿರಗಿಸಲಿ, ತಳದ ಯೀಸ್ಟು ಎದ್ದು ಬೆರೀಬೇಕು. ಥಂಡ್ಯಾಗ ಸಾಲಿ ಹುಡುಗನ್ನ ಎಬ್ಬಿಸಿದಂಗ, ಒಂದು ಸಲಕ್ಕ ಏಳೂದಿಲ್ಲ. ಮುಂಜಾನಿ ಒಮ್ಮೆ, ಸಂಜಿಕೆ ಒಮ್ಮೆ. ಎರಡು ಮೂರು ದಿನ ಬಿಟ್ಟು ಅಳೀಲಿ. ಹತ್ತರಾಗ ಆರು ಸಲ ಇಷ್ಟರಾಗ ಮುಗೀತೈತಿ, ನನ್ನ ಅಂದಾಜು.

— ಗಾಳಿ ಕೊಡೂದು ಬ್ಯಾಡೇನು? ಮೊದಲನೇ ದಿನ ಚೆಂದಂಗ ಅಲ್ಲಾಡಿಸಿ ಗಾಳಿ ಕೂಡಿಸ್ರಿ ಅಂತ ಪುಸ್ತಕದಾಗ ಐತಿ.

— ಮೊದಲನೇ ದಿನ ಬೇಕು. ಯೀಸ್ಟು ತನ್ನ ಪೊರಿ ಕಟಗೊಳ್ಳಾಕ ಆಮ್ಲಜನಕ ಬೇಡತೈತಿ. ಆವಾಗ ಸಾಕಷ್ಟು ಸಿಗಲಿಲ್ಲಂದ್ರ ಪೊರಿ ದುರ್ಬಲ ಆಗಿ, ಮುಂದ ಅಲ್ಕೋಹಾಲು ಏರಿದಾಗ ತಾಳೂದಿಲ್ಲ. ನಿಂದೂ ಒಂದೀಟು ಹಂಗ ಆಗಿರಬಹುದು. ಆದ್ರ ಈಗ ಗಾಳಿ ಕೊಟ್ರ ಬೀರು ಒಣ ರಟ್ಟಿನ ವಾಸನಿ ಬರತೈತಿ, ಅದನ್ನ ತಗಿಯಾಕ ಆಗೂದಿಲ್ಲ.

— ಯೂರಿಯಾ, ಡಿಎಪಿ ಹಾಕತಿದ್ರಿ ಅಲಾ ನೀವು?

— ಕಾಕಂಬಿ ಅಂದ್ರ ಸಕ್ಕರಿ ತಗದ ಮ್ಯಾಲೆ ಉಳಿದದ್ದು, ಅದಕ್ಕ ಸಾರಜನಕ ಹಾಕಬೇಕಾಗತೈತಿ. ಮಾಲ್ಟಿನ್ಯಾಗ ಅದು ಸಾಕಷ್ಟು ಇರತೈತಿ. ಅದೂ ಅಲ್ದ ಅಲ್ಕೋಹಾಲು ಇಷ್ಟು ಏರಿದ ಮ್ಯಾಲೆ ಹಾಕಿದ್ರ ಯೀಸ್ಟು ಅದನ್ನ ಬಳಸೂದೂ ಕಷ್ಟ. ಬಿಡು ಅದನ್ನ.

— ಬೆಚ್ಚಗ ಮಾಡಿದ್ರೂ ಏಳಲಿಲ್ಲಂದ್ರ?

— ಆವಾಗ ನಿಮ್ಮವ್ವನ ಸೌಟು. ಒಣ ಯೀಸ್ಟು ಪಾಕೀಟ ಹರದು ಮ್ಯಾಲ ಉದರಸಬ್ಯಾಡ. ಸಕ್ಕರಿ ಕಡಿಮಿ, ಅಲ್ಕೋಹಾಲು ತುಂಬಿದ ಥಂಡಿ ಬೀರಿನ್ಯಾಗ ಬಿದ್ದ ಗಳಿಗ್ಯಾಗ ಅದರ ಅರ್ಧ ಜೀವ ಹೋಗತೈತಿ. ಒಂದು ಲೀಟರ್ ನೀರಿಗೆ 100 ಗ್ರಾಂ ಮಾಲ್ಟ್ ಪುಡಿ ಹಾಕಿ ಕುದಿಸಿ, ತಣ್ಣಗ ಮಾಡಿ, ಹೊಸಾ ಯೀಸ್ಟು ಹಾಕಿ ಇಡು. ಅದು ನೊರಿ ಏರಿಸಿ ಕುಣಿಯಾಕ ಹತ್ತಿದಾಗ, ಇಳದ ಮ್ಯಾಲೆ ಅಲ್ಲ, ಏರಿದ್ದಾಗ, ನಿಂತ ಬೀರು ಒಂದು ಲೀಟರ್ ತಗದು ಅದಕ್ಕ ಕೂಡಸು. ಆ ಅಲ್ಕೋಹಾಲಿಗೆ ಹೊಂದಿಕೊಂಡು ಮತ್ತ ನೊರಿ ಎತ್ತತೈತಿ. ಆವಾಗ ಅಷ್ಟನ್ನೂ ಡಬ್ಬಿಗೆ ಸುರವು. ನಾವೂ ಇದನ್ನ ಮಾಡತಿದ್ವಿ. ಸಣ್ಣ ಪಾತ್ರ್ಯಾಗ ಬೆಳಸಿ, ಪ್ರಿ-ಫರ್ಮೆಂಟರಿಗೆ ಹಾಕಿ, ಅದು ಜೋರಾದಾಗ ದೊಡ್ಡದಕ್ಕ ಬಿಡೂದು. ದೊಡ್ಡದರ ಹತ್ತರಾಗ ಒಂದು ಪಾಲು ಅಂತ ಲೆಕ್ಕ ಹಿಡದ್ರ ತಪ್ಪೂದಿಲ್ಲ. ಚೋರ್ಲಾ ಘಾಟು ಇಳದ್ರ ಗೋವಾದವರು ಗೇರಹಣ್ಣಿನ ರಸಾ ಬಯಲಾಗಿನ ಯೀಸ್ಟಿನ ಮ್ಯಾಲ ಬಿಟ್ಟು ಫೇಣಿ ತಗೀತಾರ. ಅಲ್ಲಿ ಏಪ್ರಿಲ್ ಸೆಕಿ, ತಾನ ಹುದುಗತೈತಿ. ನಿನ್ನ ಊರಿನ ಜನವರಿಗೆ ಅದು ನಡಿಯೂದಿಲ್ಲ.

— ಕಾಕಾ, ನೀವು ಬೀರು ರುಚಿ ನೋಡೇರೇನು ಯಾವಾಗರೆ?

— ರುಚಿ ನೋಡೂದು ನನ್ನ ಕೆಲಸ ಅಲ್ಲಾಗಿತ್ತು, ಗ್ರ್ಯಾವಿಟಿ ನೋಡೂದು ನನ್ನ ಕೆಲಸ. ಇದನ್ನ ನಿಮ್ಮವ್ವನ ಮುಂದ ಮತ್ತೊಮ್ಮೆ ಕೇಳು, ಛಲೋ ಆಗತೈತಿ. ಫೋನ್ ಗುಂಯ್ ಅಂತು ನೋಡು.

— ‘ಶನಿವಾರ ಬಾಟ್ಲಿಗೆ ತುಂಬಿಬಿಡತೇನಿ, ಸಿಹಿ ಇದ್ರೂ ನಡಿಯತೈತಿ, ರುಚಿ ಛಲೋ ಐತಿ’ ಅಂತ ಬರದಾರ. ಬಾಟ್ಲಿ ತೊಳದು ಸಾಲಾಗಿ ನಿಲ್ಲಿಸಿದ್ದು ಫೋಟೋ.

— ಅಯ್ಯೋ, ಬ್ಯಾಡ! ಇಷ್ಟೊತ್ತು ಹೇಳಿದ್ದಕ್ಕಿಂತಾ ಇದು ದೊಡ್ಡ ಮಾತು. ಬಾಟ್ಲಿ ಬೀರಿನ್ಯಾಗ ಗ್ಯಾಸು ಬರಲಿ ಅಂತ ಒಂದೀಟು ಸಕ್ಕರಿ ಹಾಕತೀರಲ್ಲ, ಅದು ಗ್ರ್ಯಾವಿಟ್ಯಾಗ ಮೂರು ಪಾಯಿಂಟಿನಷ್ಟೂ ಇಲ್ಲ. ಇಲ್ಲಿ 1.024ರಿಂದ 1.015ರ ತನಕಾ ಒಂಬತ್ತು ಪಾಯಿಂಟು ಉಳದೈತಿ. ಮಲಗಿದ್ದು ಬಾಟ್ಲ್ಯಾಗ ಹೋದ ಮ್ಯಾಲೆ, ಅಡಗಿ ಮನಿ ಬಿಸಿಗೆ ಎದ್ರ, ಗಾಜು ತಡಿಯೂದಿಲ್ಲ. ಒಂದು ಒಡದ್ರ ಪಕ್ಕದ್ದು ಒಡೀತೈತಿ, ಗಾಜಿನ ಚೂರು ಗ್ವಾಡಿಗೆ ನೆಡತಾವ.

— ಹಂಗಾರ ಯಾವಾಗ ತುಂಬಬೇಕು?

— ಬೆಚ್ಚಗಿದ್ದ ಬೀರಿನ ಅಳತಿ ಮೂರು ದಿನ ಒಂದ ಸಮ ಬರಬೇಕು. ಹೈಡ್ರೋಮೀಟರಿನಿಂದ ಅಳದದ್ದು, ಆ ಎರಡು ಹನಿ ಯಂತ್ರದಿಂದ ಅಲ್ಲ. ಮತ್ತ ಆ ಲೋಟದ ಬೀರು ಎಷ್ಟಕ್ಕ ನಿಂತೈತೋ, ಡಬ್ಬೀದೂ ಅದರ ಹಂತ್ಯಾಕ ಬಂದಿರಬೇಕು. ಥಂಡ್ಯಾಗ ಇಟ್ಟು ಅಳದ್ರ ಮೂರು ದಿನ ಯಾಕ, ಮೂರು ತಿಂಗಳೂ ಒಂದ ಸಮ ಬರತೈತಿ, ಅದು ಲೆಕ್ಕಕ್ಕಿಲ್ಲ.

— ಇದನ್ನೆಲ್ಲಾ ಟೈಪ್ ಮಾಡೂದ್ರಾಗ...

— ಟೈಪ್ ಯಾಕ ಮಾಡತಿ? ಫೋನ್ ಹಚ್ಚು. ಶನಿವಾರ ಅಂದ್ರ ನಾಳೆ.